ಮದ್ದೂರು ಸ್ಟೇಷನ್ನಿನ ಮೈಕು, ಮೆದುಳೊಳಗಿನ ಕಡಲ್ಗುದುರೆ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತು ಕೇಳ್ತಿದ್ದೀರೋ, ಲೈಟ್ ಆಫ್ ಮಾಡಿ ಮಲಗಿ ಕೇಳ್ತಿದ್ದೀರೋ, ಒಂದರ್ಧ ಗಂಟೆ ನನ್ನ ಜೊತೆ ಇರಿ. ಸಾಮಾನ್ಯವಾಗಿ ನಾನಿಲ್ಲಿ ಮಾತಾಡೋದು ದುಡ್ಡು, ಸಾಲ, ಕೆಲಸದ ಬಗ್ಗೆ. ಓದಿದ್ದು ಬಿ.ಕಾಂ., ಗೊತ್ತಿರೋದೂ ಅಷ್ಟೇ. ಇವತ್ತು ಮಾತ್ರ ಮೆದುಳಿನ ವಿಷಯ. ನಾನು ಡಾಕ್ಟರಲ್ಲ. ಆದರೆ ನಮ್ಮನೇಲಿ ಒಬ್ಬರಿಗೆ ಬಂದ ಕಾಯಿಲೆಯನ್ನ ಅರ್ಥ ಮಾಡ್ಕೊಳ್ಳೋಕೆ ಒಂಬತ್ತು ವರ್ಷದಿಂದ ಒದ್ದಾಡ್ತಿದ್ದೀನಿ. ಅಷ್ಟು ಹಕ್ಕಲ್ಲಿ ಮಾತಾಡ್ತೀನಿ.

ನಮ್ಮೂರು ಮಳವಳ್ಳಿ ತಾಲೂಕಲ್ಲಿ. ನಾನಾಗ ಮಂಡ್ಯದಲ್ಲಿ ಸೆಕೆಂಡ್ ಇಯರ್ ಡಿಗ್ರಿ. ನಮ್ಮ ದೊಡ್ಡಪ್ಪನ ಮಗ, ಅಂದ್ರೆ ನಮ್ಮಣ್ಣ, ಬೆಂಗಳೂರಲ್ಲಿ ಕೆಲಸಕ್ಕಿದ್ದ. ಶನಿವಾರ ಸಂಜೆ ಟ್ರೈನಲ್ಲಿ ಮದ್ದೂರಿಗೆ ಬಂದಿಳೀತಿದ್ದ. ನಾನು ಬೈಕ್ ತಗೊಂಡು ಹೋಗಿ ಕರ್ಕೊಂಡು ಬರ್ತಿದ್ದೆ. ಸ್ಟೇಷನ್ ಹತ್ರ ವಡೆ ತಿಂದು, ಟೀ ಕುಡಿದು, ಹಾಡು ಹೇಳ್ಕೊಂಡು ಮಳವಳ್ಳಿ ರೋಡ್ ಹಿಡಿಯೋದು ನಮ್ಮ ಪದ್ಧತಿ. ಒಂದು ಶನಿವಾರ ಅವನು ವಡೆ ಮುಟ್ಟಲಿಲ್ಲ. ಪ್ಲಾಟ್‌ಫಾರ್ಮಿನ ಮೈಕನ್ನೇ ನೋಡ್ತಾ ನಿಂತಿದ್ದ. "ಲೋ, ಕೇಳುಸ್ತೇನ್ಲಾ? ಮೈಕಲ್ಲಿ ನನ್ ಹೆಸ್ರು ಹೇಳ್ತಾವ್ರೆ. ಹಿಂದಿನ ವಾರಾನೂ ಹೇಳುದ್ರು" ಅಂದ. ನಾನು ನಕ್ಕೆ. "ಹೂಂ ಕಣಣ್ಣ, ಮುಂದಿನ ವಾರ ಟ್ರೈನಿಗೇ ನಿನ್ನ ಹೆಸ್ರು ಇಡ್ತಾರಂತೆ" ಅಂದೆ. ಸೋಮವಾರ ಕಾಲೇಜಿಗೆ ಹೋಗಿ ಫ್ರೆಂಡ್ಸ್‌ಗೂ ಹೇಳಿ ನಗಿಸಿದೆ. ಆವತ್ತು ನನಗೆ ಇಪ್ಪತ್ತು ವರ್ಷ, ಅವನಿಗೆ ಇಪ್ಪತ್ಮೂರು.

ಅವನ ಹೆಸರು ಇಲ್ಲಿ ಹೇಳಲ್ಲ. ಈ ಎಪಿಸೋಡ್ ಮಾಡ್ಲಾ ಅಂತ ಅವನನ್ನೇ ಕೇಳಿದೆ. "ಹೆಸ್ರು ಬ್ಯಾಡ. ನಗಾಡಿದ್ದು ಮಾತ್ರ ಬಿಡ್ದಂಗೆ ಹೇಳು" ಅಂದ. ಹೇಳಿದ್ದೀನಿ.

ಕಾಯಿಲೆ ಹೆಸರು ಸ್ಕಿಜೋಫ್ರೇನಿಯಾ. ಕನ್ನಡದ ಪುಸ್ತಕಗಳಲ್ಲಿ ಛಿದ್ರಮನಸ್ಕತೆ, ಚಿತ್ತವಿಕಲತೆ ಅಂತೆಲ್ಲ ಬರೀತಾರೆ. ಸಿನಿಮಾದಲ್ಲಿ ತೋರಿಸೋ ಹಾಗೆ ಒಬ್ಬನೊಳಗೆ ಇಬ್ಬರು ಇರೋದು ಇದಲ್ಲ, ಅದು ಬೇರೆಯೇ ಕಥೆ. ಇಲ್ಲಿ ಯಾರೂ ಮಾತಾಡದೆ ಮಾತು ಕೇಳಿಸುತ್ತೆ, ಯಾರೋ ಹಿಂದೆ ಬಿದ್ದಿದ್ದಾರೆ ಅನ್ನೋ ನಂಬಿಕೆ ಅಲ್ಲಾಡದಷ್ಟು ಗಟ್ಟಿಯಾಗುತ್ತೆ, ಉತ್ಸಾಹ ಬತ್ತಿಹೋಗುತ್ತೆ, ನೆನಪು ಮತ್ತು ಗಮನ ಕೈಕೊಡುತ್ತೆ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ, ಇದು ಮತ್ತು ಇದರ ಜಾತಿಯ ಕಾಯಿಲೆಗಳು ಜೀವನದಲ್ಲಿ ಯಾವಾಗಲಾದರೂ ಬರೋದು ನೂರಕ್ಕೆ ಸುಮಾರು 1.4 ಜನಕ್ಕೆ. ಅಂದ್ರೆ ಸಾವಿರ ಜನ ಇರೋ ಒಂದು ಊರಲ್ಲಿ ಹದಿನಾಲ್ಕು ಜನ. ನಿಮ್ಮೂರಲ್ಲಿ ಯಾರ್ಯಾರು ಅಂತ ಈಗಲೇ ಲೆಕ್ಕ ಹಾಕೋಕೆ ಶುರು ಮಾಡಿದ್ರಿ, ಅಲ್ವಾ? ಅದೇ ಸಮೀಕ್ಷೆ ಹೇಳೋ ಇನ್ನೊಂದು ಮಾತು: ಇವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಚಿಕಿತ್ಸೆ ಸಿಕ್ತಿಲ್ಲ.

ನಮ್ಮಣ್ಣನೂ ಎರಡು ವರ್ಷ ಆ ಮುಕ್ಕಾಲು ಪಾಲಲ್ಲೇ ಇದ್ದ. ಕೆಲಸ ಬಿಟ್ಟು ಊರಿಗೆ ಬಂದ. ತಾಯತ ಕಟ್ಟಿಸಿದ್ರು, ತಡೆ ಒಡೆಸಿದ್ರು, ಅಮಾವಾಸ್ಯೆ ಅಮಾವಾಸ್ಯೆಗೆ ಎಲ್ಲೆಲ್ಲೋ ಕರ್ಕೊಂಡು ಹೋದ್ರು. ನಾನು ದೇವರ ಮೇಲೆ ತಪ್ಪು ಹೊರಿಸ್ತಿಲ್ಲ. ದೊಡ್ಡವ್ವ ಈಗಲೂ ಹರಕೆ ಕಟ್ಕೋತಾಳೆ, ಕಟ್ಕೊಳ್ಳಲಿ. ನಮಗೆ ನಿಜವಾಗಿ ಏಟು ಕೊಟ್ಟಿದ್ದು ಒಂದು ಸ್ಕ್ಯಾನ್ ರಿಪೋರ್ಟು.

ಯಾರೋ ಹೇಳಿದ್ರು ಅಂತ ದೊಡ್ಡಪ್ಪ ಒಂದು ಹಸು ಮಾರಿ ಮಗನಿಗೆ ತಲೆಯ ಎಂಆರ್‌ಐ ಮಾಡಿಸಿದ. ಎಲ್ಲಿ ಅಂತ ಬೇಡ. ರಿಪೋರ್ಟ್ ಕೈಗೆ ಕೊಟ್ಟವರು "ಎಲ್ಲಾ ನಾರ್ಮಲ್, ಏನೂ ಇಲ್ಲ" ಅಂದು ಕಳಿಸಿದ್ರು. ಮನೆಗೆ ಬಂದ ದೊಡ್ಡಪ್ಪ ಆ ದೊಡ್ಡ ಕವರನ್ನ ಜಗಲಿ ಮೇಲೆ ಎಸೆದು, "ಮಿಷನ್ನೇ ಹೇಳ್ತದೆ ಏನೂ ಇಲ್ಲ ಅಂತ. ಇವ್ನು ನಾಟ್ಕ ಆಡ್ತಾವ್ನೆ. ಮೈ ಬಗ್ಗಿಸ್ಬೇಕಾಯ್ತದೆ ಅಂತ" ಅಂದ. ಅಣ್ಣ ಅಲ್ಲೇ ಕೂತಿದ್ದ. ಆವತ್ತಿಂದ ಆರು ತಿಂಗಳು ಯಾವ ಆಸ್ಪತ್ರೆ ಮುಖಾನೂ ನೋಡಲಿಲ್ಲ.

ಮೆದುಳಿನ ಕಾಯಿಲೆ ಅಂತೀರ, ಮೆದುಳಿನ ಫೋಟೋದಲ್ಲಿ ಏನೂ ಇಲ್ಲ. ಇದು ಹೇಗೆ? ಈ ಪ್ರಶ್ನೆಯೇ ನನ್ನನ್ನ ಹಿಪ್ಪೋಕ್ಯಾಂಪಸ್ ಅನ್ನೋ ಪದದ ಹತ್ರ ಕರ್ಕೊಂಡು ಹೋಗಿದ್ದು.

ಬೆಂಗಳೂರಿನ ನಿಮ್ಹಾನ್ಸ್ ಒಳಗೆ ಒಂದು ಮೆದುಳಿನ ಮ್ಯೂಸಿಯಂ ಇದೆ. ಸಾರ್ವಜನಿಕರೂ ಹೋಗಬಹುದು. ದಾನವಾಗಿ ಬಂದ ನೂರಾರು ಮೆದುಳುಗಳನ್ನ ಅಲ್ಲಿ ಕಾಪಾಡಿಟ್ಟಿದ್ದಾರೆ. ಡಾ. ಎಸ್.ಕೆ. ಶಂಕರ್ ಅವರು ಕಟ್ಟಿದ ಸಂಗ್ರಹ ಅದು. ಗ್ಲೌಸ್ ಹಾಕಿ ನಿಜವಾದ ಮೆದುಳನ್ನ ಕೈಗೂ ಕೊಡ್ತಾರೆ. ಭಾರ ಇತ್ತು, ತಣ್ಣಗಿತ್ತು. ಕಿವಿಯ ಮೇಲ್ಭಾಗದಲ್ಲಿ ಕಪಾಲದ ಒಳಕ್ಕೆ ಹೋದರೆ, ಎಡಕ್ಕೊಂದು ಬಲಕ್ಕೊಂದು, ಒಳಗೆ ಮಡಚಿಕೊಂಡ ಹಾಗೆ ಈ ಹಿಪ್ಪೋಕ್ಯಾಂಪಸ್ ಕೂತಿರುತ್ತೆ. ಕಿರುಬೆರಳಿಗಿಂತ ಚಿಕ್ಕದು. ಬಿಡಿಸಿ ತೆಗೆದರೆ ಕಡಲ್ಗುದುರೆ ಥರ ಕಾಣುತ್ತೆ ಅಂತ 1587ರಲ್ಲಿ ಇಟಲಿಯ ಅರಾಂಜಿ ಅನ್ನೋ ವೈದ್ಯ ಆ ಹೆಸರಿಟ್ಟ. ನನಗೇನೋ ಬಾಗಿದ ಗೋಡಂಬಿ ಥರ ಕಂಡಿತು.

ಇದರ ಕೆಲಸ ಏನು? ಕಾಮರ್ಸ್ ಓದಿದವರು ಒಸಿ ನೆನಪು ಮಾಡ್ಕೊಳ್ಳಿ. ಜರ್ನಲ್ ಎಂಟ್ರಿ ಬರೆದು, ಡೆಬಿಟ್ ಕ್ರೆಡಿಟ್ ಹಾಕಿ, ಕೆಳಗೆ ಒಂದು ಸಾಲು ನರೇಶನ್ ಬರೀತೀವಿ. ಯಾರಿಂದ ಬಂತು, ಯಾವುದರ ಬಾಬ್ತು, ಯಾವ ತಾರೀಕು. ಆ ಸಾಲು ಇಲ್ಲದಿದ್ರೆ ಐದು ಸಾವಿರ ಅನ್ನೋದು ಬರೀ ಐದು ಸಾವಿರ. ಸಾಲವೋ, ಸಂಬಳವೋ, ಮುಯ್ಯಿಯೋ ಗೊತ್ತಾಗಲ್ಲ. ಹಿಪ್ಪೋಕ್ಯಾಂಪಸ್ ನಮ್ಮ ಅನುಭವಗಳಿಗೆ ಈ ನರೇಶನ್ ಬರೆಯೋ ಗುಮಾಸ್ತ. ಎಲ್ಲಿ, ಯಾವಾಗ, ಯಾರ ಜೊತೆ, ಯಾವುದರ ನಂತರ ಯಾವುದು. ದಿನದ ಎಂಟ್ರಿಗಳು ನಿಧಾನಕ್ಕೆ ಮೆದುಳಿನ ಬೇರೆ ಭಾಗದ ಲೆಡ್ಜರ್‌ಗಳಿಗೆ ಪೋಸ್ಟಿಂಗ್ ಆಗೋದೂ ಇವನ ಕೈಯಿಂದಾನೇ.

ಗುಮಾಸ್ತನೇ ಇಲ್ಲದಿದ್ರೆ? 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಅನ್ನೋ 27 ವರ್ಷದವನಿಗೆ ಮೂರ್ಛೆರೋಗ ನಿಲ್ಲಲಿ ಅಂತ ಎರಡೂ ಕಡೆಯ ಹಿಪ್ಪೋಕ್ಯಾಂಪಸ್‌ನ ಬಹುಭಾಗ ತೆಗೆದುಹಾಕಿದ್ರು. ಮೂರ್ಛೆ ಕಮ್ಮಿ ಆಯ್ತು. ಆದರೆ 2008ರಲ್ಲಿ ಸಾಯೋವರೆಗೂ ಅವನಿಗೆ ಹೊಸ ಘಟನೆ ಅಂತ ನೆನಪಲ್ಲಿ ಕೂರಲೇ ಇಲ್ಲ. ಈಗ ಮಾತಾಡಿಸಿ ಹೋದವರು ಮತ್ತೆ ಬಂದರೆ ಹೊಸಬರು.

ಸ್ಕಿಜೋಫ್ರೇನಿಯಾದಲ್ಲಿ ಗುಮಾಸ್ತ ಇರ್ತಾನೆ. ತೊಂದರೆ ಏನಂದ್ರೆ, ಅವನು ಅತಿಯಾಗಿ ಕೆಲಸ ಮಾಡ್ತಾನೆ. ಇದು ನನಗೆ ಮೊದಲು ತಲೆಗೇ ಹೋಗಲಿಲ್ಲ. ಕಾಯಿಲೆ ಅಂದ್ರೆ ಅಂಗ ಸೋತಿರಬೇಕು ಅಂತ ತಾನೇ ನಾವು ಅಂದ್ಕೊಳ್ಳೋದು. ಆದರೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು ಕಾಯಿಲೆ ಬರೋ ಅಪಾಯ ಇರೋ ಯುವಕ ಯುವತಿಯರನ್ನ ಮತ್ತೆ ಮತ್ತೆ ಸ್ಕ್ಯಾನ್ ಮಾಡಿ 2013ರಲ್ಲಿ ಪ್ರಕಟಿಸಿದ್ದು ಇದನ್ನ: ಹಿಪ್ಪೋಕ್ಯಾಂಪಸ್‌ನ ಸಿಎ1 ಅನ್ನೋ ಒಂದು ಪಟ್ಟಿ ಮೊದಲು ವಿಪರೀತ ಚುರುಕಾಗುತ್ತೆ. ಆ ಚುರುಕು ಅಕ್ಕಪಕ್ಕಕ್ಕೆ ಹಬ್ಬುತ್ತೆ. ಆಮೇಲೆ ಆ ಭಾಗ ಸೊರಗುತ್ತೆ. ಮೊದಲು ಉರಿ, ಆಮೇಲೆ ಕುಗ್ಗು. ಯಾಕೆ ಉರಿಯುತ್ತೆ? ಅಲ್ಲಿರೋ ನರಕೋಶಗಳಲ್ಲಿ ಕೆಲವು ಗದರಿಸಿ ಸುಮ್ಮನಿರಿಸೋ ಜಾತಿಯವು, ಕ್ಲಾಸಲ್ಲಿ ಮಾನಿಟರ್ ಇದ್ದ ಹಾಗೆ. ಅವು ದುರ್ಬಲವಾದಾಗ ಉಳಿದವು ಒಟ್ಟಿಗೆ ಕೂಗಾಡ್ತವೆ ಅನ್ನೋದು ಈಗ ಬಹಳ ಜನ ಒಪ್ಪೋ ವಿವರಣೆ.

ಇದರ ಮುಂದಿನ ಭಾಗ ಮಂಡ್ಯದವರಿಗೆ ಹೇಳಿಕೊಡೋದೇ ಬೇಡ. ಕನ್ನಂಬಾಡಿ ಕಟ್ಟೆಯಿಂದ ವಿಶ್ವೇಶ್ವರಯ್ಯ ನಾಲೆ ಹೊರಟು, ಹುಲಿಕೆರೆ ಸುರಂಗ ದಾಟಿ, ಮಂಡ್ಯ, ಮದ್ದೂರು, ಮಳವಳ್ಳಿ ಕಡೆಗೆ ಕವಲಾಗಿ ಬರುತ್ತೆ. ಮೇಲೆ ತೂಬು ಎಷ್ಟು ಎತ್ತಿದ್ದಾರೆ ಅನ್ನೋದರ ಮೇಲೆ ಕೆಳಗಿನ ಗದ್ದೆಯ ಹಣೆಬರಹ. ಅಮೆರಿಕದ ಪಿಟ್ಸ್‌ಬರ್ಗ್‌ನ ಆಂಥೋನಿ ಗ್ರೇಸ್ ಅನ್ನೋ ವಿಜ್ಞಾನಿ ಇಲಿಗಳಲ್ಲಿ ತೋರಿಸಿದ್ದೂ ಹೆಚ್ಚುಕಮ್ಮಿ ಇಂಥದ್ದೇ. ಹಿಪ್ಪೋಕ್ಯಾಂಪಸ್ ಅತಿಯಾಗಿ ಚುರುಕಾದರೆ, ಎರಡು ಮೂರು ನಿಲ್ದಾಣ ದಾಟಿ, ಮೆದುಳಿನ ಬುಡದಲ್ಲಿರೋ ಡೋಪಮೈನ್ ಕೋಶಗಳ ತೂಬು ಎತ್ತಿಹೋಗುತ್ತೆ. ಡೋಪಮೈನ್ ಅಂದ್ರೆ ರೀಲ್ಸಲ್ಲಿ ಹೇಳೋ ಥರ ಬರೀ ಖುಷಿಯ ರಾಸಾಯನಿಕ ಅಲ್ಲ. 'ಇದು ಮುಖ್ಯ, ಇಲ್ಲಿ ಗಮನ ಕೊಡು' ಅಂತ ಕೆಂಪಿಂಕಲ್ಲಿ ಅಡಿಗೆರೆ ಎಳೆಯೋದು ಅದು. ಈಗ ಮದ್ದೂರು ಸ್ಟೇಷನ್‌ಗೆ ಬನ್ನಿ. ಮೈಕ್ ಕಿರ್ ಅಂತು, ಯಾರೋ ಏನೋ ಹೇಳಿದ್ರು. ನಿಮಗೂ ನನಗೂ ಅದು ಗದ್ದಲ. ಅಣ್ಣನ ಮೆದುಳಲ್ಲಿ ಆ ಗದ್ದಲಕ್ಕೆ ಕೆಂಪಿಂಕಿನ ಗೆರೆ ಬಿತ್ತು. ಇಷ್ಟು ಮುಖ್ಯವಾದದ್ದು ನನ್ನ ಬಗ್ಗೆಯೇ ಇರಬೇಕಲ್ವಾ? ಕೆಳಗೆ ಗುಮಾಸ್ತ ತಪ್ಪು ನರೇಶನ್ ಬರೆದ: 'ನನ್ನ ಹೆಸರು ಕರೆದರು.' ಒಳಗಿನ ಲೆಕ್ಕದಲ್ಲಿ ಅದು ಸುಳ್ಳೇ ಅಲ್ಲ. ಅದಕ್ಕೇ ನೀವು ಎಷ್ಟು ವಾದ ಮಾಡಿದ್ರೂ ಅವರು ಒಪ್ಪಲ್ಲ. ಅವರ ಪುಸ್ತಕದಲ್ಲಿ ಎಂಟ್ರಿ ಇದೆ.

ಒಂದು ಮಾತು ಇಲ್ಲೇ ಸೇರಿಸಿಬಿಡ್ತೀನಿ. ಇದು ಪೂರ್ತಿ ಕಥೆಯಲ್ಲ. ವಂಶವಾಹಿ ಇದೆ, ಮೆದುಳಿನ ಬೇರೆ ಭಾಗಗಳಿವೆ, ಬೆಳೆಯೋ ವಯಸ್ಸಿನ ಕಷ್ಟ ಇದೆ. ಹರೆಯದಲ್ಲಿ ಗಾಂಜಾ ಸೇದೋರಿಗೆ ಅಪಾಯ ಜಾಸ್ತಿ ಅನ್ನೋದೂ ಗಟ್ಟಿಯಾದ ಮಾತು. ಕಾಲೇಜಲ್ಲಿರೋರು ಅದನ್ನ 'ಗಿಡಮೂಲಿಕೆ ಕಣೋ' ಅಂತ ಹಗುರವಾಗಿ ತಗೋಬೇಡಿ.

ಸರಿ, ಹಂಗಾದ್ರೆ ಸ್ಕ್ಯಾನಲ್ಲಿ ಯಾಕೆ ಕಾಣಲಿಲ್ಲ? 2016ರಲ್ಲಿ ಎನಿಗ್ಮಾ ಅನ್ನೋ ಅಂತರರಾಷ್ಟ್ರೀಯ ತಂಡ ಸ್ಕಿಜೋಫ್ರೇನಿಯಾ ಇರೋ 2,028 ಜನ, ಇಲ್ಲದ 2,540 ಜನರ ಮೆದುಳಿನ ಸ್ಕ್ಯಾನ್‌ಗಳನ್ನ ಅಳೆದು ನೋಡ್ತು. ಮೆದುಳಿನ ಒಳಭಾಗದ ಅಂಗಗಳಲ್ಲಿ ಅತಿ ಹೆಚ್ಚು ವ್ಯತ್ಯಾಸ ಕಂಡಿದ್ದು ಹಿಪ್ಪೋಕ್ಯಾಂಪಸ್‌ನಲ್ಲೇ. ಕಾಯಿಲೆ ಇರೋರಲ್ಲಿ ಅದು ಸರಾಸರಿ ಸ್ವಲ್ಪ ಚಿಕ್ಕದು. ಹಳೇ ಅಧ್ಯಯನಗಳನ್ನ ಒಟ್ಟು ಸೇರಿಸಿದವರು ನೂರಕ್ಕೆ ನಾಲ್ಕರ ಆಸುಪಾಸು ಅಂದಿದ್ದರು. ಇಲ್ಲಿ 'ಸರಾಸರಿ' ಅನ್ನೋ ಪದ ಹಿಡ್ಕೊಳ್ಳಿ. ನಮ್ಮ ಕಾಲೇಜಲ್ಲಿ ಎ ಸೆಕ್ಷನ್ ಸರಾಸರಿ 62, ಬಿ ಸೆಕ್ಷನ್ ಸರಾಸರಿ 58 ಅಂದ್ಕೊಳ್ಳಿ. ಎರಡು ಸೆಕ್ಷನ್‌ಗೂ ವ್ಯತ್ಯಾಸ ಇರೋದು ನಿಜ. ಆದರೆ ಒಬ್ಬ ಹುಡುಗನ ಮಾರ್ಕ್ಸ್ ಕಾರ್ಡ್ ತೋರಿಸಿ, 60 ಬಂದಿದೆ, ಯಾವ ಸೆಕ್ಷನ್ ಹೇಳು ಅಂದ್ರೆ? ಯಾರಿಗೂ ಹೇಳೋಕಾಗಲ್ಲ. ಹಾಗೇ ಒಬ್ಬರ ಎಂಆರ್‌ಐ ನೋಡಿ ಸ್ಕಿಜೋಫ್ರೇನಿಯಾ ಇದೆ ಅನ್ನೋಕೂ ಆಗಲ್ಲ, ಇಲ್ಲ ಅನ್ನೋಕೂ ಆಗಲ್ಲ. ಡಾಕ್ಟರು ಸ್ಕ್ಯಾನ್ ಬರೆಯೋದು ಗಡ್ಡೆ, ಸೋಂಕು ಇಂಥ ಬೇರೆ ಕಾರಣ ಇದೆಯಾ ನೋಡೋಕೆ. ಕಾಯಿಲೆ ಗುರುತಿಸೋದು ಕೂತು ಮಾತಾಡಿಸಿ, ಮನೆಯವರನ್ನ ಕೇಳಿ.

'ನಾರ್ಮಲ್' ಅಂದ್ರೆ ಗಡ್ಡೆ ಇಲ್ಲ ಅಂತ. ನಾಟಕ ಅಂತಲ್ಲ. ಈ ಒಂದು ವಾಕ್ಯವನ್ನ ಕೌಂಟರಲ್ಲಿ ಯಾರಾದರೂ ಹೇಳಿದ್ದರೆ ನಮ್ಮನೆಗೆ ಆರು ತಿಂಗಳು ಉಳೀತಿತ್ತು.

ಕೊನೆಗೆ ಚಿಕಿತ್ಸೆ ಶುರು ಮಾಡಿಸಿದ್ದು ಊರಿನ ಆಶಾ ಕಾರ್ಯಕರ್ತೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರ್ತಾರೆ, ದುಡ್ಡು ಕೊಡೋ ಹಂಗಿಲ್ಲ ಅಂತ ದೊಡ್ಡವ್ವನಿಗೆ ಹೇಳಿದ್ದು ಅವರೇ. 'ದುಡ್ಡು ಕೊಡೋ ಹಂಗಿಲ್ಲ' ಅನ್ನೋದಕ್ಕೇ ದೊಡ್ಡಪ್ಪ ಒಪ್ಪಿದ್ದು ಅಂತ ನನ್ನ ಅನುಮಾನ. ಮಾತ್ರೆ ಶುರುವಾಗಿ ಎರಡು ತಿಂಗಳಿಗೆ ದನಿಗಳು ತಗ್ಗಿದವು.

ಆ ಮಾತ್ರೆ ಮಾಡೋದೇನು? ಬಹುತೇಕ ಮಾತ್ರೆಗಳು ಡೋಪಮೈನ್ ಬಂದು ಕೂರೋ ಜಾಗವನ್ನ ಮುಚ್ಚುತ್ತವೆ. ಅಂದ್ರೆ ನಾಲೆಯ ಮೇಲಿನ ತೂಬನ್ನ ಮುಟ್ಟಲ್ಲ, ನಮ್ಮ ಗದ್ದೆಯ ಬಾಯಲ್ಲಿ ಮಣ್ಣು ಹಾಕಿ ನೀರು ತಡೀತವೆ. ಇದು ಗೊತ್ತಾದ ಮೇಲೆ ನನಗೆ ಎರಡು ವಿಷಯ ಅರ್ಥವಾಯ್ತು. ಒಂದು, ವಾಸಿಯಾಯ್ತಲ್ಲ ಅಂತ ಮಾತ್ರೆ ಬಿಟ್ಟರೆ ಯಾಕೆ ಮತ್ತೆ ಬರುತ್ತೆ ಅನ್ನೋದು. ಅಣ್ಣ ಒಂದು ಸಲ ಬಿಟ್ಟ, ಮೈ ದಪ್ಪ ಆಯ್ತದೆ, ನಿದ್ದೆ ಬತ್ತದೆ ಅಂತ. ಆ ಅಡ್ಡಪರಿಣಾಮ ಸುಳ್ಳಲ್ಲ, ಅದನ್ನ ಡಾಕ್ಟರಿಗೆ ಹೇಳಿದ್ರೆ ಮಾತ್ರೆ ಬದಲಾಯಿಸ್ತಾರೆ. ಅವನು ಹೇಳದೆ ಬಿಟ್ಟ. ಮೇಲೆ ನೀರು ಹರೀತಾನೇ ಇತ್ತು. ಬದು ಒಡೆದ ಹಾಗೆ ಮೂರನೇ ತಿಂಗಳಿಗೆ ಎಲ್ಲಾ ವಾಪಸ್ ಬಂತು.

ಎರಡನೆಯದು ನನಗೆ ಇನ್ನೂ ಮುಖ್ಯ. ದನಿ ನಿಂತಿತು, ಅನುಮಾನ ಹೋಯ್ತು, ಆದರೂ ಅಣ್ಣ ಹಳೇ ಅಣ್ಣ ಆಗಲಿಲ್ಲ. ಅಂಗಡಿಗೆ ಕಳಿಸಿದ್ರೆ ಮೂರು ಸಾಮಾನಲ್ಲಿ ಒಂದು ಮರೀತಾನೆ. ಮುಖ ನೆನಪಿದೆ, ಎಲ್ಲಿ ನೋಡಿದ್ದು ಅಂದ್ರೆ ಇಲ್ಲ. ನೆಂಟರು 'ಸೋಮಾರಿ ಬಿದ್ದವ್ನೆ' ಅಂತಿದ್ರು. ನಾನೂ ಹಾಗೇ ಅಂದ್ಕೊಂಡಿದ್ದೆ, ಸುಳ್ಳು ಹೇಳಲ್ಲ. ಆದರೆ ಯಾವುದರ ಜೊತೆ ಯಾವುದು ಅಂತ ಹೊಂದಿಸಿ ನೆನಪಿಡೋದು ಹಿಪ್ಪೋಕ್ಯಾಂಪಸ್ ಕೆಲಸ ಅಂತ ಆಗಲೇ ಹೇಳಿದ್ನಲ್ಲ. ಸ್ಕಿಜೋಫ್ರೇನಿಯಾ ಇರೋರಿಗೆ ಕಷ್ಟ ಆಗೋದು ಇದೇ ಥರದ ನೆನಪು. ಗದ್ದೆ ಬಾಯಿ ಮುಚ್ಚಿದ ಮಾತ್ರೆ ಮೇಲಿನ ಗುಮಾಸ್ತನನ್ನ ರಿಪೇರಿ ಮಾಡಿರಲ್ಲ. ಸೋಮಾರಿತನ ಅಂತ ನಾವು ಬೈದದ್ದು ಕಾಯಿಲೆಯ ಉಳಿಕೆ.

ಗುಮಾಸ್ತನನ್ನೇ ಸರಿಮಾಡೋ ಔಷಧ ಇದೆಯಾ? ಹುಡುಕ್ತಿದ್ದಾರೆ. ಅಲ್ಲಿಯವರೆಗೆ ವಾಟ್ಸಾಪಲ್ಲಿ ಬರೋ ಮಾತು ಒಂದಿದೆ, 'ಓಂ ಅಂದ್ರೆ ಸಾಕು, ನಿಮ್ಹಾನ್ಸೇ ಹೇಳಿದೆ' ಅಂತ. ಅದರ ಮೂಲ ನೋಡಿದೆ. 2011ರಲ್ಲಿ ನಿಮ್ಹಾನ್ಸ್‌ನವರು 12 ಜನರ ಮೆದುಳನ್ನ ಸ್ಕ್ಯಾನರ್ ಒಳಗೆ ನೋಡಿದ್ರು. ಓಂ ಅಂದಾಗ ಹಿಪ್ಪೋಕ್ಯಾಂಪಸ್ ಮತ್ತು ಅದರ ನೆರೆಹೊರೆಯ ಚಟುವಟಿಕೆ ತಗ್ಗಿತು, ಬರೀ 'ಸ್‌ಸ್‌ಸ್' ಅಂದಾಗ ಹಾಗಾಗಲಿಲ್ಲ. ಚೆನ್ನಾಗಿದೆ ಅಲ್ವಾ? ಆದರೆ ಆ ಹನ್ನೆರಡೂ ಜನ ಆರೋಗ್ಯವಂತರು. 2013ರಲ್ಲಿ ಅದೇ ಸಂಸ್ಥೆಯವರು ಆರು ತಿಂಗಳು ಯೋಗ ಮಾಡಿದ ಹಿರಿಯರಲ್ಲಿ ಹಿಪ್ಪೋಕ್ಯಾಂಪಸ್ ಸ್ವಲ್ಪ ಹಿಗ್ಗಿದ್ದನ್ನ ವರದಿ ಮಾಡಿದ್ರು. ಅಲ್ಲಿದ್ದದ್ದು ಏಳೇ ಜನ. ಏಳು ಜನರ ಸ್ಯಾಂಪಲ್ ಇಟ್ಕೊಂಡು ನಾವು ಕಾಲೇಜ್ ಪ್ರಾಜೆಕ್ಟ್ ಸಬ್ಮಿಟ್ ಮಾಡಿದ್ರೂ ಮೇಡಮ್ ವಾಪಸ್ ಎಸೀತಿದ್ರು. ಅದು ಮುಂದೆ ಹುಡುಕೋಕೆ ಒಂದು ಸುಳಿವು, ಅಷ್ಟೇ. ಜರ್ಮನಿಯಲ್ಲೂ 2010ರಲ್ಲಿ ಒಂದು ಸುದ್ದಿ ಆಯ್ತು. ಸ್ಕಿಜೋಫ್ರೇನಿಯಾ ಇರೋರು ಮೂರು ತಿಂಗಳು ಜಿಮ್ ಸೈಕಲ್ ತುಳಿದದ್ದಕ್ಕೆ ಹಿಪ್ಪೋಕ್ಯಾಂಪಸ್ ನೂರಕ್ಕೆ 12ರಷ್ಟು ಬೆಳೀತು ಅಂತ. ತುಳಿದ ರೋಗಿಗಳು ಎಂಟು ಜನ. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಅಷ್ಟೊಂದು ಸಿಗಲಿಲ್ಲ.

ಹಾಗಂತ ಯೋಗ, ವ್ಯಾಯಾಮ ದಂಡ ಅಂತಲ್ಲ. ಮಾತ್ರೆಯ ಜೊತೆಗೆ ಯೋಗ ಮಾಡಿದವರಲ್ಲಿ ಮಂಕು ಕಮ್ಮಿಯಾಗಿ ಜನರ ಜೊತೆ ಬೆರೆಯೋದು ಸುಧಾರಿಸಿದ್ದನ್ನ ನಿಮ್ಹಾನ್ಸ್ ಅಧ್ಯಯನಗಳೇ ತೋರಿಸಿವೆ. ಆ 'ಜೊತೆಗೆ' ಅನ್ನೋದನ್ನ ಫಾರ್ವರ್ಡ್ ಮಾಡೋರು ನುಂಗಿಬಿಡ್ತಾರೆ. ನನಗೆ ಸಿಟ್ಟು ಬರೋದು ಅಲ್ಲಿ.

ಅಣ್ಣ ಈಗ ಊರಲ್ಲಿ ರೇಷ್ಮೆ ಹುಳ ಸಾಕ್ತಾನೆ. ಹುಳ ಗೊತ್ತಿರೋರಿಗೆ ಗೊತ್ತು, ಹೊತ್ತು ಹೊತ್ತಿಗೆ ಸೊಪ್ಪು ಕೊಡಬೇಕು, ಜ್ವರಕ್ಕೆ ಕೂತಾಗ ಕೊಡಬಾರದು. ಮರೆಯೋನಿಗೆ ಇಂಥ ಕೆಲಸವಾ ಅಂತ ಎಲ್ಲರೂ ತಲೆ ಅಲ್ಲಾಡಿಸಿದ್ರು. ಅವನು ಹುಳುಮನೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಮನೆ ಕೊರೆದಿದ್ದಾನೆ. ಸೊಪ್ಪು ಕೊಟ್ಟ ತಕ್ಷಣ ಒಂದು ಗೀಟು, ಪಕ್ಕದಲ್ಲಿ ಟೈಮು. ಎರಡನೇ ಜ್ವರ ಎದ್ದಿದ್ದು ಯಾವ ದಿನ, ಸೊಪ್ಪು ಯಾರ ತೋಟದ್ದು, ಎಲ್ಲಾ ಗೋಡೆ ಮೇಲೆ. ಮೊದಲ ಸಲ ನೋಡಿದಾಗ ನನಗೆ ಮಾತೇ ಬರಲಿಲ್ಲ. ಪ್ರತಿ ಎಂಟ್ರಿ ಕೆಳಗೂ ನರೇಶನ್ ಬರೆದಿದ್ದ. ರಾಮನಗರದ ಮಾರ್ಕೆಟ್ಟಿಗೆ ಗೂಡು ತಗೊಂಡು ಹೋಗುವಾಗ ಮಾತ್ರ ದೊಡ್ಡಪ್ಪ ಜೊತೆಗೆ ಹೋಗ್ತಾನೆ. ಆ ಸ್ಕ್ಯಾನ್ ಕವರ್ ಈಗಲೂ ಅಟ್ಟದ ಮೇಲಿದೆ, ಯಾರೂ ಅದರ ಸುದ್ದಿ ಎತ್ತಲ್ಲ.

ನಿಮ್ಮ ಮನೇಲಿ, ಹಾಸ್ಟೆಲಲ್ಲಿ ಯಾರಾದ್ರೂ 'ಮೈಕಲ್ಲಿ ನನ್ನ ಹೆಸರು ಹೇಳ್ತಾರೆ' ಅಂದ್ರೆ, ವಾದ ಮಾಡಬೇಡಿ, ನಗಬೇಡಿ, ಒಬ್ಬರನ್ನೇ ಬಿಡಬೇಡಿ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ಹೊತ್ತಲ್ಲದ ಹೊತ್ತಲ್ಲೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡ್ತಾರೆ. ಮಂಡ್ಯದವರಿಗೆ ಮಿಮ್ಸ್‌ನಲ್ಲಿ ಮನೋವೈದ್ಯ ವಿಭಾಗ ಇದೆ. ತಾಲೂಕಿನವರು ನಿಮ್ಮ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ವಾರ ಬರ್ತಾರೆ ಅಂತ ವಿಚಾರಿಸ್ಕೊಳ್ಳಿ. ಆಶಾ ಅಕ್ಕನ್ನ ಕೇಳಿದ್ರೂ ಸಾಕು.

ಹೋದ ತಿಂಗಳು ನಾನು ಬೆಂಗಳೂರಿಂದ ಮದ್ದೂರಿಗೆ ಬಂದಿಳಿದಾಗ ಅಣ್ಣನೇ ಬಂದಿದ್ದ ಕರ್ಕೊಂಡು ಹೋಗೋಕೆ. ವಡೆ ಕಟ್ಟಿಸ್ಕೊಂಡು ಪ್ಲಾಟ್‌ಫಾರ್ಮ್ ಬೆಂಚ್ ಮೇಲೆ ಕೂತ್ವಿ. ಮೈಕ್ ಕಿರ್ ಅಂತು. ಕೇಳಲೋ ಬೇಡವೋ ಅಂತ ಯೋಚನೆ ಮಾಡಿ ಕೇಳೇಬಿಟ್ಟೆ, "ಈಗ್ಲೂ ಕೇಳುಸ್ತದಾ ಅಣ್ಣ?"

"ಹೆಸ್ರು ಕೇಳುಸಲ್ಲ" ಅಂದ. "ಮೈಕು ಆನ್ ಆದ್ರೆ ಎದೆ ಮಾತ್ರ ಒಸಿ ಧಸಕ್ ಅಂತದೆ. ಆಮೇಲೆ ಸರಿ ಹೋಯ್ತದೆ." ಇನ್ನೊಂದು ಚೂರು ವಡೆ ಮುರಿದು ಬಾಯಿಗಿಟ್ಟು, "ಮೈಸೂರು ಗಾಡಿ ಇಪ್ಪತ್ ನಿಮಿಷ ಲೇಟಂತೆ. ನೀನ್ ಕೇಳುಸ್ಕಂಡಾ?" ಅಂದ.

ನಾನು ಕೇಳಿಸ್ಕೊಂಡಿರಲಿಲ್ಲ.